ಜೀಪಿನ ಹಸಿರು ನೀರು ಮತ್ತು ಮನೆಯ ಬೆಕ್ಕು



ಕೊಳೆರೋಗ, ಕಾಂಡಕೊರಕಗಳ ವಿಚಾರ ಬರೆಯಬೇಕಾದ ಈ ಪುಟದಲ್ಲಿ ಕಾರ್ಯದರ್ಶಿಯು ಬೆಕ್ಕಿನ ಪುರಾಣ ಹೇಳಹೊರಟಿದ್ದಾನೆಂದು ತಾವು ನಗಬಹುದು. ನಗಿರಿ. ಆದರೆ ಓದಿ ಮುಗಿಸಿದ ಮೇಲೆ ತಮ್ಮ ಜೀಪು ನಿಲ್ಲುವ ಕೊಟ್ಟಿಗೆಯತ್ತ ಒಮ್ಮೆ ಹೋಗಿ ಬನ್ನಿ ಎಂಬುದಷ್ಟೇ ನನ್ನ ಕೋರಿಕೆ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಜೀಪಿನ ರೇಡಿಯೇಟರಿನಿಂದ ಹಳೆಯ ಕೂಲೆಂಟನ್ನು ನಾನೇ ಇಳಿಸಿದೆ. ಒಂದು ಹಳೆಯ ಬೋಗುಣಿಯಲ್ಲಿ ಹಿಡಿದು, ನಾಳೆ ಚೆಲ್ಲಿದರಾಯಿತೆಂದು ಕೊಟ್ಟಿಗೆಯ ಮೂಲೆಯಲ್ಲಿಟ್ಟವನು ಮರೆತೇಬಿಟ್ಟೆ. ಎರಡು ದಿನಗಳ ನಂತರ ಸಂಜೆ ನಮ್ಮ ಬೆಕ್ಕು ಕುಡಿದವರಂತೆ ತೂರಾಡುತ್ತ ಅಂಗಳಕ್ಕೆ ಬಂತು. ಒಂದೆರಡು ಸಲ ವಾಂತಿ ಮಾಡಿತು. ಮನೆಮಂದಿ ನಕ್ಕೆವು. ಮಾರನೆಯ ದಿನ ಅದು ಬಚ್ಚಲ ಒಲೆಯ ಹಿಂದೆ ಮುದುಡಿ ಮಲಗಿತ್ತು. ಹಾಲು ಮುಟ್ಟಲಿಲ್ಲ, ಮೂತ್ರವೂ ಇಲ್ಲ. ಪಶುವೈದ್ಯರಲ್ಲಿಗೆ ಒಯ್ಯುವಾಗ ಹೊತ್ತು ಮೀರಿತ್ತು. “ಗಾಡಿಯ ಕೂಲೆಂಟ್ ಏನಾದರೂ ನೆಕ್ಕಿದೆಯೇ?” ಎಂದು ಅವರು ಕೇಳಿದರು. ಇಲ್ಲವೆಂದು ಖಡಾಖಂಡಿತವಾಗಿ ಹೇಳಿದೆ. ಪಕ್ಕದ ತೋಟದವರು ಇಲಿಪಾಷಾಣ ಇಟ್ಟಿರಬೇಕೆಂಬ ಗುಮಾನಿ ಆಗಲೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಎರಡು ವಾರ ಅವರೊಡನೆ ಮಾತು ಬಿಟ್ಟೆ. ಆಮೇಲೆ ಒಂದು ದಿನ ಆ ಬೋಗುಣಿ ಕಣ್ಣಿಗೆ ಬಿತ್ತು. ಅದರ ಸುತ್ತಲಿನ ಧೂಳಿನಲ್ಲಿ ಬೆಕ್ಕಿನ ಹೆಜ್ಜೆಗಳಿದ್ದವು. ಅಂದೇ ನೆರೆಯವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ.

ಈ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಚಳಿ ದೇಶಗಳಲ್ಲಿ ಎಂಜಿನ್ನಿನ ನೀರು ಹೆಪ್ಪುಗಟ್ಟದಿರಲೆಂದು ಇದನ್ನು ಬೆರೆಸುತ್ತಾರೆ. ಅದಕ್ಕೇ ಅಲ್ಲಿ ಇದರ ಹೆಸರು ಆಂಟಿಫ್ರೀಜ್. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ನೀರು ಬೇಗ ಕುದಿಯದಿರಲಿ, ತುಕ್ಕು ಹಿಡಿಯದಿರಲಿ ಎಂದು ನಮ್ಮ ಜೀಪು, ಟ್ರ್ಯಾಕ್ಟರು, ಡೀಸೆಲ್ ಜನರೇಟರುಗಳಿಗೂ ಅದೇ ವಸ್ತು ಬಂದಿದೆ. ಹೆಸರು ಬದಲಾದರೆ ವಿಷ ಬದಲಾಗುವುದಿಲ್ಲ.

ಬೆಕ್ಕಿನ ತೂಕದ ಒಂದು ಕಿಲೋಗೆ ಸುಮಾರು 1.5 ಮಿ.ಲೀ. ಶುದ್ಧ ಗ್ಲೈಕಾಲ್ ಸಾಕು, ಪ್ರಾಣ ಹೋಗುತ್ತದೆ. ಎಂದರೆ ಮೂರು ಕಿಲೋ ಬೆಕ್ಕಿಗೆ ಒಂದು ಟೀ ಚಮಚವೂ ಬೇಡ. ನಾಯಿ ಇದಕ್ಕಿಂತ ಮೂರು ನಾಲ್ಕು ಪಟ್ಟು ತಡೆದೀತು. ವಿಚಿತ್ರವೆಂದರೆ ಗ್ಲೈಕಾಲ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಪಿತ್ತಜನಕಾಂಗವು ಅದನ್ನು ಒಡೆಯುತ್ತ ಹೋದಂತೆ ಆಮ್ಲಗಳಾಗಿ, ಕೊನೆಗೆ ಆಕ್ಸಾಲಿಕ್ ಆಮ್ಲವಾಗುತ್ತದೆ. ಅದು ರಕ್ತದ ಸುಣ್ಣದಂಶದೊಡನೆ ಕೂಡಿ, ಹರಳಾಗಿ, ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಈ ಒಡೆಯುವ ಕೆಲಸವನ್ನು ತಡೆಯುವುದೇ ಚಿಕಿತ್ಸೆ. ಫೋಮೆಪಿಜೋಲ್ ಎಂಬ ಔಷಧಿಯುಂಟು. ಅದಿಲ್ಲದ ಕಡೆ ಮದ್ಯಸಾರವನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ಹಾಗೆಂದು ಯಾರೂ ಮನೆಯಲ್ಲಿ ಬೆಕ್ಕಿನ ಬಾಯಿಗೆ ಸಾರಾಯಿ ಸುರಿಯಬಾರದು. ಅದು ವೈದ್ಯರ ಕೆಲಸ. ಅದೂ ನೆಕ್ಕಿದ ಸುಮಾರು ಮೂರು ಗಂಟೆಗಳೊಳಗೆ ಆರಂಭವಾದರೆ ಮಾತ್ರ ಬೆಕ್ಕು ಉಳಿಯುವ ಭರವಸೆ. ನಮ್ಮ ರಸ್ತೆಗಳಲ್ಲಿ, ನಮ್ಮ ಮಳೆಯಲ್ಲಿ, ಮೂರು ಗಂಟೆ ಎಷ್ಟು ಬೇಗ ಕಳೆಯುತ್ತದೆಂದು ತಮಗೆ ಹೇಳಬೇಕಾಗಿಲ್ಲ.

ಅಮೆರಿಕದ ಆರೆಗಾನ್ ರಾಜ್ಯವು 1991ರಲ್ಲೇ ಇದಕ್ಕೆ ಕಹಿ ಬೆರೆಸಬೇಕೆಂದು ಕಾನೂನು ಮಾಡಿತು. 2012ರಲ್ಲಿ ಅಲ್ಲಿನ ತಯಾರಕರು ಇಡೀ ದೇಶದಲ್ಲಿ ಕಹಿ ಬೆರೆಸಲು ತಾವಾಗಿಯೇ ಒಪ್ಪಿದರು. ನಮ್ಮಲ್ಲೂ ಹಾಗಾಗಲಿ ಎನ್ನುವವರಿದ್ದಾರೆ. ಆಗಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಅದನ್ನೇ ನಂಬಿ ಕೂರಬಾರದೆಂಬುದು ನನ್ನ ಅಭಿಪ್ರಾಯ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದೆಂದು 2005ರಲ್ಲಿ ವಿಜ್ಞಾನಿಗಳು ಕಾರಣಸಹಿತ ತೋರಿಸಿದ್ದಾರೆ. ಆದ್ದರಿಂದ ಅದು ಸಿಹಿಯ ಆಸೆಗೇ ಕುಡಿಯುತ್ತದೆ ಎನ್ನುವಂತಿಲ್ಲ. ಚೆಲ್ಲಿದ್ದನ್ನು ತುಳಿದು ಪಾದ ನೆಕ್ಕಿಕೊಂಡರೂ ಸಾಕು. ಕಹಿಗಿಂತ ಮುಚ್ಚಳವೇ ಮೇಲು.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಮೂರು ಮಾತು ಇಡಬಯಸುತ್ತೇನೆ. ಒಂದು, ನಮ್ಮ ಮಳಿಗೆಯಲ್ಲಿ ಮಾರುವ ಪ್ರತಿ ಕೂಲೆಂಟ್ ಡಬ್ಬಿಯ ಮೇಲೆ ಕನ್ನಡದಲ್ಲಿ ‘ವಿಷ’ ಎಂಬ ಚೀಟಿ ಅಂಟಿಸುವುದು. ಎರಡು, ಇಳಿಸಿದ ಕೂಲೆಂಟನ್ನು ಸದಸ್ಯರಿಂದ ವಾಪಸು ಪಡೆದು, ಮುಚ್ಚಳವಿರುವ ಡ್ರಮ್ಮಿನಲ್ಲಿ ಸಂಗ್ರಹಿಸಿ, ಪರವಾನಗಿ ಇರುವವರಿಗೆ ಒಪ್ಪಿಸುವುದು. ಚರಂಡಿಗೋ ತೋಟದ ಕಪ್ಪಿಗೋ ಚೆಲ್ಲುವುದು ಸರಿಯಲ್ಲ. ಮೂರು, ಉಳಿದ ಕೂಲೆಂಟನ್ನು ಷರಬತ್ತಿನ ಬಾಟಲಿಗಳಲ್ಲಿ ತುಂಬಿಡುವ ನಮ್ಮ ಅಭ್ಯಾಸವನ್ನು ಇಂದೇ ಬಿಡುವುದು. ಈ ದ್ರವ ಮನುಷ್ಯರಿಗೂ ಮಾರಕ. ನೋಡಲು ಬಣ್ಣದ ಪಾನಕದಂತಿರುತ್ತದೆ, ಮಕ್ಕಳ ನಾಲಿಗೆಗೆ ಸಿಹಿಯಾಗಿಯೂ ಇರುತ್ತದೆ.

ಅಡಿಕೆ ಚೀಲ, ಭತ್ತದ ಕಣಜ ಕಾಯುವ ಬೆಕ್ಕಿಗೆ ನಾವು ಸಂಬಳ ಕೊಡುವುದಿಲ್ಲ. ಒಂದು ಮುಚ್ಚಳವನ್ನಾದರೂ ಕೊಡೋಣ.

— ಕಾರ್ಯದರ್ಶಿ