ಮನಸ್ಸಿನ ಮಾತ್ರೆ ನಡೆಯುತ್ತಿರುವಾಗ ಆ್ಯಂಟಿಬಯೋಟಿಕ್ ಬಂದರೆ

ದೆಹಲಿಯ ಆರ್.ಕೆ.ಪುರಂನಂತಹ ಸರ್ಕಾರಿ ವಸತಿ ಬಡಾವಣೆಯಲ್ಲಿ ಒಂದೇ ಮನೆಯ ಔಷಧಿ ಮೂರು ಕಡೆಯಿಂದ ಬರಬಹುದು: ಸಿಜಿಎಚ್‌ಎಸ್ ಡಿಸ್ಪೆನ್ಸರಿ, ದೊಡ್ಡಾಸ್ಪತ್ರೆ, ಮಾರ್ಕೆಟ್ಟಿನ ಮೆಡಿಕಲ್ ಸ್ಟೋರ್. ಕನ್ನಡದ ಮನೆಯಾದರೆ ಬೆಂಗಳೂರಿನ ನಿಮ್ಹಾನ್ಸ್ ಚೀಟಿಯೂ ಇದ್ದೀತು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಅಥವಾ ವಾಲ್ಪ್ರೋಯೇಟ್ ನುಂಗುತ್ತಿರುವವರಿಗೆ ಜ್ವರ ಬಂದಾಗ ಈ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರು?

ಮಿದುಳಿನ ಕೋಶಗಳು ರಾಸಾಯನಿಕಗಳ ಮೂಲಕ ಮಾತಾಡುತ್ತವೆ. ಹೊರಗಿನ ಸಂದೇಶ ಕೋಶದೊಳಗೆ ಹರಡಲು ಇನೋಸಿಟಾಲ್ ಎಂಬ ವಸ್ತು ಮರುಬಳಕೆಯಾಗುತ್ತಿರಬೇಕು. ಲಿಥಿಯಂ ಆ ಮರುಬಳಕೆಗೆ ತಡೆ ಹಾಕುತ್ತದೆ, ಜಿಎಸ್‌ಕೆ-3 ಎಂಬ ಕಿಣ್ವವನ್ನೂ ನಿಧಾನಗೊಳಿಸುತ್ತದೆ. ಅದರ ಗುಣಕ್ಕೆ ಇದಿಷ್ಟೇ ಕಾರಣವೆಂದು ತಜ್ಞರು ಹೇಳುವುದಿಲ್ಲ. ವಾಲ್ಪ್ರೋಯೇಟ್ ಸೋಡಿಯಂ ದ್ವಾರಗಳನ್ನು ಬಿಗಿಗೊಳಿಸಿ, ಕೋಶಗಳನ್ನು ಶಾಂತಗೊಳಿಸುವ 'ಗಾಬಾ'ದ ಬಲ ಹೆಚ್ಚಿಸುತ್ತದೆ.

ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಕೆಲವು ಆ್ಯಂಟಿಬಯೋಟಿಕ್‌ಗಳು ಅದೇ ಗಾಬಾಗೆ ಅಡ್ಡಬರುತ್ತವೆ. ಹೆಚ್ಚಿನ ಪ್ರಮಾಣದ ಪೆನಿಸಿಲಿನ್, ಸೆಫಿಪೈಮ್, ಸಿಪ್ರೋಫ್ಲಾಕ್ಸಸಿನ್ ಗುಂಪಿನವು ಹೀಗೆ ಮಾಡಬಲ್ಲವು. ಕಿಡ್ನಿ ದುರ್ಬಲವಾಗಿರುವ ವಯಸ್ಸಾದವರಲ್ಲಿ ಗೊಂದಲ, ಅಪರೂಪಕ್ಕೆ ಫಿಟ್ಸ್ ಕಾಣಿಸಬಹುದು.

ಇನ್ನೊಂದು ದಾರಿ ರಕ್ತದಲ್ಲಿನ ಔಷಧಿಯ ಮಟ್ಟ. ಆಸ್ಪತ್ರೆಯಲ್ಲಿ ಮೆರೋಪೆನೆಮ್ ಇಂಜೆಕ್ಷನ್ ಶುರುವಾದರೆ ವಾಲ್ಪ್ರೋಯೇಟ್ ಮಟ್ಟ ಒಂದೆರಡು ದಿನಗಳಲ್ಲೇ ಪಾತಾಳಕ್ಕಿಳಿಯುತ್ತದೆ. ಡೋಸ್ ಏರಿಸಿದರೂ ಸಾಮಾನ್ಯವಾಗಿ ಏರುವುದಿಲ್ಲ. ಕಾರ್ಬಮಜೆಪೈನ್ ಕತೆ ತಿರುಗುಮುರುಗು: ಕ್ಲಾರಿತ್ರೋಮೈಸಿನ್ ಸೇರಿದರೆ ಅದರ ಮಟ್ಟ ಏರಿ ತಲೆಸುತ್ತು, ಎರಡೆರಡು ಕಾಣುವುದು, ತೂರಾಟ. ಅದೇ ಗುಂಪಿನ ಅಜಿತ್ರೋಮೈಸಿನ್‌ಗೆ ಈ ತಂಟೆ ಬಹಳ ಕಡಿಮೆ. ಲಿಥಿಯಂ ವಿಷಯದಲ್ಲಿ ಮೆಟ್ರೊನಿಡಜೋಲ್ ಬಗ್ಗೆ ಎಚ್ಚರ ಬೇಕು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಭಯ, ಜ್ವರಕ್ಕೆಂದು ಜೊತೆಯಲ್ಲೇ ಕೊಡುವ ಐಬುಪ್ರೊಫೆನ್. ಜೂನ್ ತಿಂಗಳ ದೆಹಲಿಯ ಬಿಸಿಲಲ್ಲಿ ಭೇದಿಯೂ ಆಗಿ ನೀರಿನಂಶ ಕಳೆದರೆ ಕಿಡ್ನಿ ಲಿಥಿಯಂ ಅನ್ನು ಹೊರಹಾಕದೆ ಉಳಿಸಿಕೊಳ್ಳುತ್ತದೆ.

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪ್ರಕಾರ, ಪಟ್ಟಿಯಲ್ಲಿರುವ ಆ್ಯಂಟಿಬಯೋಟಿಕ್ ಮಾರಿದ ಅಂಗಡಿ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮವೇ. ಆದರೆ ಆ ಪುಸ್ತಕ ನೀವು ಕೊಂಡದ್ದನ್ನು ಬರೆದಿಡುತ್ತದೆ, ಈಗಾಗಲೇ ನುಂಗುತ್ತಿರುವುದನ್ನು ಕೇಳುವುದಿಲ್ಲ. ಆ ಕೆಲಸ ಕೌಂಟರಿನ ಹಿಂದಿರುವ ನನ್ನಂಥವರದು. ನಾವು ಕೇಳದಿದ್ದರೆ ನೀವೇ ಹೇಳಿ. 'ಮನಃಸ್ಥಿತಿ ಸ್ಥಿರಕಾರಕ' ಎಂದು ನಾನು ಅನುವಾದಿಸಬಲ್ಲೆ, ಅಂಗಡಿಯಲ್ಲಿ ಅದು ಯಾರಿಗೂ ಅರ್ಥವಾಗದು. ಮಾತ್ರೆಯ ಹಾಳೆಯನ್ನೇ ತೋರಿಸಿ, ಅಥವಾ ಅದರ ಫೋಟೋ ಮೊಬೈಲಿನಲ್ಲಿರಲಿ.

ಭಯಬಿದ್ದು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಲಿಥಿಯಂ ತೆಗೆದುಕೊಳ್ಳುವವರಿಗೆ ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ವಾಂತಿಯೊಂದಿಗೆ ನಡಿಗೆ ತಪ್ಪಿದರೆ ಮಾತ್ರ ಮುಂದಿನ ಡೋಸ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ, ರಕ್ತದ ಲಿಥಿಯಂ ಮಟ್ಟ ಪರೀಕ್ಷಿಸಲು ಕೇಳಿ.