ಎಣ್ಣೆ ಸೋರುವ ಯೆಜ್ಡಿ

ಘಾಟ್ಕೋಪರಿನ ನಮ್ಮ ಹೊಟೇಲ್ ಬಂಧುಗಳಲ್ಲಿ ಹಳೆಯ ಯೆಜ್ಡಿ ಉಳಿಸಿಕೊಂಡವರಿಗೆ ಈ ಮಾತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಇನ್ನೂ ಓಡುತ್ತದೆ, ನಾಲ್ಕು ಹನಿ ಎಣ್ಣೆಯನ್ನೂ ಸುರಿಸುತ್ತದೆ. ಅದನ್ನು ಕಂಡೊಡನೆ "ಎಂಜಿನ್ ಬಿಚ್ಚಬೇಕು" ಎಂದವನ ಕೈಗೆ ತಿಂಗಳ ಸಂಬಳ ಕೊಡುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಮೊದಲು ಎಂಜಿನ್ ಆರಿದ ಮೇಲೆ ಡೀಸೆಲ್ಲಿನಿಂದ ತೊಳೆದು, ಒರೆಸಿ ಒಣಗಿಸಿ, ಮುಖದ ಪೌಡರ್ ಉದುರಿಸಿ, ಒಂದು ಸುತ್ತು ಓಡಿಸಿ ನೋಡಿರಿ. ಪೌಡರ್ ಒದ್ದೆಯಾದ ಅತಿ ಮೇಲಿನ ಜಾಗವೇ ಮೂಲ. ಹನಿ ಬಿದ್ದ ಜಾಗವನ್ನು ನಂಬಬೇಡಿರಿ, ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ. ಹೆಚ್ಚಾಗಿ ಸಿಗುವುದು ಎಡಬದಿಯ ಕ್ಲಚ್ ಮುಚ್ಚಳದ ಪ್ಯಾಕಿಂಗ್, ಇಲ್ಲವೆ ಕಿಕ್ ಹೊರಬರುವಲ್ಲಿನ ರಬ್ಬರ್ ರಿಂಗ್. ಸ್ಕ್ರೂ ಅತಿಯಾಗಿ ಬಿಗಿದರೆ ಥ್ರೆಡ್ ಹೋದೀತು. ಹೊರಗೆ ಸೋರದೆ ಗೇರ್ ಎಣ್ಣೆ ಇಳಿಯುತ್ತಾ ದಟ್ಟ ಬಿಳಿಹೊಗೆ ಬಂದರೆ ಮಾತ್ರ ಒಳಗಿನ ಸೀಲನ್ನು ಶಂಕಿಸಿ ಬಿಚ್ಚಿಸಿರಿ.