ಬಾಗಿಲಿಲ್ಲದ ಕಚೇರಿ

ನನ್ನ ತಂಗಿಯ ಮಗಳು ಉದ್ಯೋಗದಲ್ಲಿರುವ ಬೆಂಗಳೂರಿನ ಕಂಪನಿಯೊಂದು ಈ ವಾರ ತನ್ನ ಕಚೇರಿಯಲ್ಲಿ ಉಳಿದಿದ್ದ ನಾಲ್ಕಾರು ಅಡ್ಡಗೋಡೆಗಳನ್ನೂ ಕೆಡವಿಸಿ, ಒಬ್ಬೊಬ್ಬರಿಗೆ ಗೊತ್ತುಮಾಡಿದ್ದ ಮೇಜುಗಳನ್ನೂ ರದ್ದುಪಡಿಸಿ, ಇನ್ನು ಮುಂದೆ ಎಲ್ಲರೂ ತೆರೆದ ಹಜಾರದಲ್ಲಿ ತೆರವಿದ್ದೆಡೆ ಕುಳಿತುಕೊಳ್ಳತಕ್ಕದ್ದೆಂದು ಸುತ್ತೋಲೆ ಹೊರಡಿಸಿದೆ. ಗೋಡೆ ಹೋದರೆ ಪರಸ್ಪರ ಸಂಭಾಷಣೆಯೂ ಸಹಕಾರವೂ ತಾವಾಗಿಯೇ ವೃದ್ಧಿಹೊಂದುವುವೆಂಬುದು ಅದರ ಸಮರ್ಥನೆ. “ಮಾತಾಡೋರು ಯಾರಿದ್ದಾರೆ ಮಾವ, ಎಲ್ಲರ ಕಿವಿಗೂ ಹೆಡ್‌ಫೋನ್” ಎಂದಳು ಹುಡುಗಿ.

ಅವಳ ಮಾತಿಗೆ ಪ್ರಮಾಣವಿದೆ. ಈಥನ್ ಬರ್ನ್‌ಸ್ಟೀನ್, ಸ್ಟೀಫನ್ ಟರ್ಬನ್ ಎಂಬ ಸಂಶೋಧಕರು, ತೆರೆದ ಹಜಾರಕ್ಕೆ ಸ್ಥಳಾಂತರಗೊಂಡ ಎರಡು ದೊಡ್ಡ ಕಂಪನಿಗಳ ನೌಕರರ ಕೊರಳಿಗೆ ಸಂವೇದಕಗಳನ್ನು ತೊಡಿಸಿ ನಡೆಸಿದ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿದರು. ಮುಖಾಮುಖಿ ಮಾತುಕತೆ ಸುಮಾರು ಶೇ. 70ರಷ್ಟು ಕುಸಿದಿತ್ತು, ಇಮೇಲ್ ಹೆಚ್ಚಿತ್ತು. ಸದಾ ನೂರು ಕಣ್ಣುಗಳ ಎದುರಿಗಿರುವ ಮನುಷ್ಯನು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳದೆ ಇನ್ನೇನು ಮಾಡಿಯಾನು?

ಏಕಾಗ್ರತೆಯನ್ನು ಕೆಡಿಸುವುದು ಗದ್ದಲಕ್ಕಿಂತ ಹೆಚ್ಚಾಗಿ ಅರ್ಥವಾಗುವ ಮಾತು ಎಂದು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ಮತ್ತೊಮ್ಮೆ ಹೇಳುವುದಕ್ಕೆ ಸಂಕೋಚವಿಲ್ಲ. ನಾನು ಕೆಲಸ ಕಲಿತ ಪತ್ರಿಕಾಲಯದಲ್ಲಿ ವರದಿಗಾರರೆಲ್ಲ ಒಂದೇ ಹಜಾರದಲ್ಲಿದ್ದರು. ಅವರ ಕೆಲಸಕ್ಕೆ ಅದು ಉಚಿತವೇ ಆಗಿತ್ತು. ಆದರೆ ಕರಡು ತಿದ್ದುವವರಿಗೆ ಬಾಗಿಲುಳ್ಳ ಪ್ರತ್ಯೇಕ ಕೋಣೆ. ಕೆಳಗೆ ಮುದ್ರಣಯಂತ್ರವು ನೆಲ ನಡುಗುವಂತೆ ಓಡುತ್ತಿದ್ದರೂ ಎಳ್ಳಷ್ಟೂ ವಿಚಲಿತರಾಗದ ಅಲ್ಲಿನ ಹಿರಿಯರೊಬ್ಬರು, ಹೊಸ್ತಿಲಲ್ಲಿ ನಿಂತು ಇಬ್ಬರು ಮಳೆಯ ವಿಚಾರ ಆಡಿಕೊಂಡರೆ ಸಾಕು, ಲೇಖನಿ ಕೆಳಗಿಟ್ಟು, ಎದ್ದು ಹೋಗಿ ಬಾಗಿಲು ಮುಚ್ಚಿ ಬರುತ್ತಿದ್ದರು. ಬಲ್ಲ ಭಾಷೆಯ ಮಾತು ಕಿವಿಗೆ ಬಿದ್ದಮೇಲೆ ಮನಸ್ಸು ಅದನ್ನು ಗ್ರಹಿಸದೆ ಇರಲಾರದು. ಕಣ್ಣಿಗೆ ರೆಪ್ಪೆಯನ್ನಿತ್ತ ಪ್ರಕೃತಿ ಕಿವಿಗೆ ಅದನ್ನು ಕರುಣಿಸಿಲ್ಲ.

ಆರೋಗ್ಯದ ಹಾನಿಯಂತೂ ಇನ್ನೂ ಗೂಢವಾದುದು. ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 40 ಮಂದಿ ಗುಮಾಸ್ತೆಯರ ಪೈಕಿ ಕೆಲವರನ್ನು ಮೂರು ಗಂಟೆಗಳ ಕಾಲ ತೆರೆದ ಕಚೇರಿಯ ಸಾಧಾರಣ ಸದ್ದಿನ ನಡುವೆ ಕೂರಿಸಿದ್ದರು. ಅವರ ದೇಹದಲ್ಲಿ ಅಡ್ರಿನಲಿನ್ ಏರಿತ್ತು. ಬಳಿಕ ಕೊಟ್ಟ ಕಠಿನ ಒಗಟುಗಳನ್ನು, ನಿಶ್ಶಬ್ದದಲ್ಲಿ ಕುಳಿತಿದ್ದವರಿಗಿಂತ ಬೇಗನೆ ಅವರು ಕೈಬಿಟ್ಟರು. ಆದರೂ ತಮಗೆ ಹೆಚ್ಚಿನ ಒತ್ತಡವಾಯಿತೆಂದು ಅವರು ಹೇಳಲಿಲ್ಲ! ದೇಹ ದಣಿದದ್ದು ಮನಸ್ಸಿಗೇ ತಿಳಿದಿರಲಿಲ್ಲ. ಡೆನ್ಮಾರ್ಕಿನಲ್ಲಿ 2,400ಕ್ಕೂ ಹೆಚ್ಚು ನೌಕರರನ್ನು ಕುರಿತು ನಡೆದು 2011ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಒಂಟಿ ಕೋಣೆಯವರಿಗಿಂತ ತೆರೆದ ಹಜಾರದವರು ಅನಾರೋಗ್ಯದ ನಿಮಿತ್ತ ತೆಗೆದುಕೊಂಡ ರಜೆ ಶೇ. 62ರಷ್ಟು ಅಧಿಕ.

ಇಷ್ಟೆಲ್ಲ ಪ್ರಕಟವಾಗಿದ್ದೂ ಗೋಡೆಗಳು ಬೀಳುತ್ತಿರುವುದಕ್ಕೆ ಕಾರಣ ಚದರಡಿಯ ಬಾಡಿಗೆ. ನೂರು ಮಂದಿಯ ಸ್ಥಳದಲ್ಲಿ ನೂರೈವತ್ತು ಮಂದಿಯನ್ನು ಕೂರಿಸಿದರೆ ಉಳಿತಾಯವು ಲೆಕ್ಕದ ಪುಸ್ತಕದಲ್ಲಿ ಕೂಡಲೇ ಕಾಣುತ್ತದೆ. ಕೆಟ್ಟ ಏಕಾಗ್ರತೆಗೂ, ಸಂಜೆ ತಲೆಶೂಲೆಯೊಡನೆ ಮನೆಗೆ ಮರಳುವ ತರುಣಿಗೂ ಆ ಪುಸ್ತಕದಲ್ಲಿ ಅಂಕಣವಿಲ್ಲ. ಹಣ ಉಳಿಸುವುದಾದರೆ ಹಣ ಉಳಿಸುತ್ತೇವೆಂದೇ ಹೇಳಲಿ. ಸಹಕಾರದ ಹೆಸರನ್ನು ಇದಕ್ಕೆ ಎಳೆದು ತರುವುದು ಅಪ್ರಾಮಾಣಿಕತೆ.

ಸುತ್ತೋಲೆಗೆ ಸಹಿ ಹಾಕಿದ ಮಹನೀಯರ ಕೋಣೆಗೆ ಮಾತ್ರ ಗೋಡೆಯೂ ಇದೆ, ಬಾಗಿಲೂ ಇದೆಯಂತೆ. ಮೊದಲು ಅದನ್ನು ಕೆಡವಲಿ.